ಹತ್ತು ನಿಮಿಷ ಕುಂತ್ರಿ

ಎಂಟು ಬಿಟ್ ಕೂಡಿದರೆ ಒಂದು ಬೈಟ್. ಡಿಸ್ಕು ಮಾಡುವವರು ಬೈಟ್ ಲೆಕ್ಕದಲ್ಲಿ ಮಾತಾಡುತ್ತಾರೆ, ಇಂಟರ್ನೆಟ್ ಲೈನು ಮಾರುವವರು ಬಿಟ್ ಲೆಕ್ಕದಲ್ಲಿ ಮಾತಾಡುತ್ತಾರೆ. ಲೈನಿನವನು ಹೇಳಿದ ಅಂಕಿಯನ್ನು ಎಂಟರಿಂದ ಭಾಗಿಸಿದರೆ ಉಳಿಯುವುದೇ ನಿಮ್ಮ ಡಿಸ್ಕಿನ ಲೆಕ್ಕದಲ್ಲಿ ನಿಮಗೆ ದಕ್ಕುವ ವೇಗ. ಇದೇನೂ ಗುಟ್ಟಲ್ಲ. ಶಾಲೆಯ ಕಂಪ್ಯೂಟರ್ ಪುಸ್ತಕದಲ್ಲಿ ಮೊದಮೊದಲ ಪಾಠ. ಬಾಯಿಪಾಠ ಮಾಡಿದೆವು, ಒಂದು ಅಂಕ ತಗೊಂಡೆವು, ಪುಸ್ತಕ ರದ್ದಿಗೆ ಹಾಕಿದೆವು. ಆ ಒಂದು ಭಾಗಾಕಾರವನ್ನು ಯಾರೂ ಮಾಡದೇ ಹೋದದ್ದರಿಂದ ಹಿರೇಕೆರೂರಿನ ಪರಮೇಶಪ್ಪ ಎಂಬ ಬಸ್ ಕಂಡಕ್ಟರನ ಮಾತು ನಿಂತುಹೋಯಿತು. ನೀಲಾಂಬಿಕಾ ಎಂಬ ಹೆಣ್ಣುಮಗಳು ಅದರ ಭಾರ ಹೊತ್ತುಕೊಂಡು ತಿರುಗುತ್ತಿದ್ದಾಳೆ. ಹೊರಬೇಕಾದ ಉಳಿದವರು ಹಗುರಾಗಿ ಓಡಾಡಿಕೊಂಡಿದ್ದಾರೆ.

ನೀಲಾಂಬಿಕಾ ಚಿಕ್ಕೇರೂರಿನವಳು. ಅಪ್ಪ ಹಿರೇಕೆರೂರಿನ ಪೇಟೆಯಲ್ಲಿ ಗೋವಿನಜೋಳದ ಚೀಲ ಹೊರುವ ಹಮಾಲ. ಶಾಲೆ ಸೂಟಿ ಇದ್ದಾಗ ಅಪ್ಪನ ರೊಟ್ಟಿ ಗಂಟು ಹಿಡಿದುಕೊಂಡು ಅವಳೂ ಪೇಟೆಗೆ ಹೋಗುತ್ತಿದ್ದಳು. ಅಲ್ಲಿ ಒಂದು ರೂಢಿಯಿತ್ತು, ಈಗಲೂ ಇದೆ. ರೈತ ಮೊದಲು ತನ್ನ ಊರಿನ ಅಂಗಡಿಯ ಕಾಟಾದ ಮೇಲೆ ಚೀಲ ತೂಗಿಸಿಕೊಂಡು ಬರುತ್ತಾನೆ. ಪೇಟೆಯ ಕಾಟಾದ ಮೇಲೆ ಮತ್ತೆ ಇಡುತ್ತಾನೆ. ಎರಡೂ ಒಂದೇ ಅಂಕಿ ತೋರಿಸಿದರೆ ಜಗಳವಿಲ್ಲ. ಅಪ್ಪ ಬೆನ್ನಿನ ಧೂಳು ಜಾಡಿಸುತ್ತ ಮಗಳಿಗೆ ಕಲಿಸಿದ್ದೂ ಅದನ್ನೇ.

"ಒಂದ ಕಾಟಾ ನಂಬಬ್ಯಾಡ ಮಗಳ. ಎರಡನೇದರ ಮ್ಯಾಲೆ ಇಟ್ಟ ನೋಡು. ಎರಡೂ ಒಂದ ಅಂಕಿ ತೋರಿಸಿದ್ರ ತೂಕ ಖರೆ."

ಎರಡು ಕಾಟಾಗಳೂ ಕಿಲೋದಲ್ಲೇ ತೂಗುತ್ತವೆ ಎಂದು ಅಪ್ಪ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಪೇಟೆಯಲ್ಲಿ ಬೇರೆ ಯಾವುದರಲ್ಲೂ ಯಾರೂ ತೂಗುವುದಿಲ್ಲ.

ಹುಡುಗಿ ಹಾವೇರಿಯಲ್ಲಿ ಎಕ್ಸರೇ ತೆಗೆಯುವ ಕೆಲಸ ಕಲಿತಳು. ಹಿರೇಕೆರೂರಿಗೆ ಬಂದು ಎಲುಬಿನ ಡಾಕ್ಟರು ಧೀರೇಂದ್ರ ಅವರ ಸ್ಕ್ಯಾನ್ ಸೆಂಟರಿಗೆ ಸೇರಿಕೊಂಡಳು. ಅದು ಎಕ್ಸರೇ ಹಾಳೆ ತೊಳೆಯುವ ಕಾಲ. ಕತ್ತಲೆ ಕೋಣೆ, ಮೂಗಿಗೆ ಅಡರುವ ರಸಾಯನ, ಹಳದಿಗಟ್ಟಿದ ಬೆರಳು. ಕಷ್ಟದ ಕೇಸಿದ್ದರೆ ಹಾಳೆಯನ್ನು ರಾಣೆಬೆನ್ನೂರಿನ ದೊಡ್ಡ ಡಾಕ್ಟರಿಗೆ ತೋರಿಸಬೇಕಿತ್ತು. ಅದಕ್ಕೆ ಇದ್ದ ದಾರಿ ಸರ್ಕಾರಿ ಬಸ್ಸು, ಆ ಬಸ್ಸಿನ ಕಂಡಕ್ಟರು ಪರಮೇಶಪ್ಪ. ಬಸ್‌ಸ್ಟ್ಯಾಂಡಿನಲ್ಲಿ ಅವಳು ಹಾಳೆಯ ಕವರು ಹಿಡಿದು ಬರುವುದನ್ನು ದೂರದಿಂದಲೇ ನೋಡಿ ಅವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಏನ ನೀಲವ್ವಾ, ಇವತ್ತ ಯಾರ ಎಲುಬು?"

"ಹಂಸಭಾವಿ ಅಜ್ಜಂದ್ರೀ ಕಾಕಾ. ತೊಡಿ ಮುರದೈತಿ."

"ಅಜ್ಜಗಾದ್ರ ಫುಲ್ ಟಿಕೆಟ್. ಬರೇ ತೊಡಿಗೆ ಹಾಫ್. ಕೊಡ ಇಲ್ಲೆ."

ಡ್ರೈವರನ ತಲೆಯ ಮೇಲಿನ ಹಲಗೆಯಲ್ಲಿ, ಯಾರ ಗಂಟೂ ಬೀಳದ ಜಾಗದಲ್ಲಿ ಕವರು ಇಡುತ್ತಿದ್ದ. ರಾಣೆಬೆನ್ನೂರಿನಲ್ಲಿ ಆಸ್ಪತ್ರೆಯ ಸಿಪಾಯಿಯ ಕೈಗೆ ತಾನೇ ಕೊಟ್ಟು, ಮುಟ್ಟಿತು ಎಂದು ಫೋನು ಮಾಡುತ್ತಿದ್ದ. ಒಂದು ಚಹಾ ಸಹ ಕುಡಿಯದೆ ವರ್ಷಗಟ್ಟಲೆ ಮಾಡಿದ ಕೆಲಸ ಅದು. ಇಂಥವರನ್ನು ಕರೆದು ಶಾಲು ಹೊದಿಸುವ ಸಂಘ ಸಂಸ್ಥೆ ನಮ್ಮಲ್ಲಿ ಇಲ್ಲ. ಇದ್ದವು ಎಂಎಲ್‌ಎಗಳಿಗೆ ಹೊದಿಸುವುದರಲ್ಲೇ ಸುಸ್ತಾಗಿವೆ.

ಆಮೇಲೆ ಧೀರೇಂದ್ರ ಡಾಕ್ಟರು ಸಿ.ಟಿ. ಸ್ಕ್ಯಾನ್ ಯಂತ್ರ ತಂದರು. ಯಾವುದೋ ದೊಡ್ಡ ಊರಿನ ಆಸ್ಪತ್ರೆ ಬಳಸಿ ಕೈಬಿಟ್ಟದ್ದು. ಅದರ ಜೊತೆಗೆ ಒಂದು ಹಳೆಯ ಡಿಸ್ಕಿನ ಡಬ್ಬಿ ಬಂತು. ಯಂತ್ರ ತೆಗೆದ ಚಿತ್ರಗಳೆಲ್ಲ ಮೊದಲು ಆ ಡಬ್ಬಿಗೆ ಇಳಿಯುತ್ತವೆ, ಡಬ್ಬಿಯಿಂದ ಲೈನಿಗೆ ಹತ್ತಿ ಹುಬ್ಬಳ್ಳಿಯಲ್ಲಿ ಕುಳಿತ ಮಿದುಳಿನ ಡಾಕ್ಟರು ಪದ್ಮಜಾ ಅವರ ಕಂಪ್ಯೂಟರಿಗೆ ಹೋಗುತ್ತವೆ ಎಂಬುದು ಏರ್ಪಾಡು. ನೀಲಾಂಬಿಕಾ ಬಸ್‌ಸ್ಟ್ಯಾಂಡಿಗೆ ಹೋಗಿ ಹೆಮ್ಮೆಯಿಂದಲೇ ಹೇಳಿದಳು.

"ಇನ್ನ ನಿಮಗ ತ್ರಾಸ ಇಲ್ರೀ ಕಾಕಾ. ಚಿತ್ರ ಲೈನಿನ್ಯಾಗ ಹೋಗ್ತಾವ."

"ಹಂಗಾರ ನನ್ನ ಹೊಟ್ಟಿ ಮ್ಯಾಲೆ ಹೊಡದಿ ಅನ್ನು," ಎಂದು ಪರಮೇಶಪ್ಪ ನಕ್ಕ. "ಆ ಲೈನಿಗೆ ಗಾಲಿ ಪಂಕ್ಚರ್ ಆಗಂಗಿಲ್ಲೇನು?"

ಲೈನು ಹಾಕಲು ಬಂದವನು ಇಮ್ರಾನ. ಮಾಳಿಗೆಯ ಮೇಲೆ ತಟ್ಟೆ ಆಂಟೆನಾ ಕೂಡಿಸಿ ಗುಡ್ಡದ ಟವರಿನ ಕಡೆ ಮುಖ ಮಾಡಿಸಿದ. ಕೆಳಗಿಳಿದು ಫೋನಿನಲ್ಲಿ ವೇಗ ತೋರಿಸಿದ.

"ಬರೂದು ನೂರು, ಹೋಗೂದು ಎರಡು, ನೋಡ್ರಿ ಸರ."

"ಎರಡೇನಾ?" ಎಂದರು ಡಾಕ್ಟರು.

"ಈ ಪ್ಲ್ಯಾನಿಗೆ ಇಷ್ಟ ರೀ. ಚಿತ್ರ ಕಳಸಾಕ ಸಾಕು."

ನೀಲಾಂಬಿಕಾ ಡಬ್ಬಿಯ ಕಡೆ ನೋಡಿದಳು. ಯಂತ್ರದಿಂದ ಡಬ್ಬಿಗೆ ಚಿತ್ರ ಇಳಿಯುವಾಗ ಅದರ ಪರದೆಯ ಮೇಲೆ ವೇಗದ ಅಂಕಿ ಬರುತ್ತಿತ್ತು. ಅಲ್ಲಿಯೂ ಸೆಕೆಂಡಿಗೆ ಎರಡು. ಡಬ್ಬಿಯಲ್ಲಿ ಎರಡು, ಇಮ್ರಾನನ ಫೋನಿನಲ್ಲಿ ಎರಡು. ಎರಡು ಕಾಟಾ, ಒಂದೇ ಅಂಕಿ. ಅವಳ ಮನಸ್ಸು ಅಲ್ಲಿಗೆ ನಿರಾಳವಾಯಿತು. ತಲೆ ಮತ್ತು ಕುತ್ತಿಗೆಯ ನರಗಳ ಪೂರ್ತಿ ಸ್ಕ್ಯಾನು ಸಾವಿರದ ಇನ್ನೂರು ಎಂಬಿ ಆಗುತ್ತದೆ. ಡಬ್ಬಿಗೆ ಇಳಿಯಲು ಹತ್ತು ನಿಮಿಷ ಹಿಡಿದಿತ್ತು. ವೇಗ ಒಂದೇ ಅಂದ ಮೇಲೆ ಹುಬ್ಬಳ್ಳಿ ಮುಟ್ಟಲೂ ಹತ್ತು ನಿಮಿಷ. ಹಾಗಂತ ಡಾಕ್ಟರಿಗೆ ಹೇಳಿದಳು. ವಾರದೊಳಗೆ ಬಾಗಿಲಿನ ಮೇಲೆ ಹಲಗೆ ಬಂತು: ಮಿದುಳಿನ ಸ್ಕ್ಯಾನ್, ಹತ್ತೇ ನಿಮಿಷದಲ್ಲಿ ಹುಬ್ಬಳ್ಳಿಯ ತಜ್ಞರ ಮುಂದೆ.

ಒಂದು ಸಲ, ಒಂದೇ ಒಂದು ಸಲ ಇಡೀ ಸ್ಕ್ಯಾನು ಕಳಿಸಿ ಗಡಿಯಾರ ನೋಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಳಿಸಿದ್ದು ಬರೀ ಎಕ್ಸರೇ. ಅದು ಹತ್ತು ಎಂಬಿಯ ಚಿತ್ರ. ಐದು ಸೆಕೆಂಡಿನ ಬದಲು ನಲವತ್ತು ಸೆಕೆಂಡು ಹಿಡಿದರೆ ಯಾರು ಲಕ್ಷ್ಯ ಕೊಡುತ್ತಾರೆ? ಕೈಯಲ್ಲಿದ್ದ ಚಹಾ ಸಹ ಆರುವುದಿಲ್ಲ. ಹಲಗೆ ಬರೆಸಿದ ಡಾಕ್ಟರು ನೋಡಲಿಲ್ಲ. ಚಿತ್ರ ಕಾಯುತ್ತಿದ್ದ ಹುಬ್ಬಳ್ಳಿಯ ಡಾಕ್ಟರು ಕೇಳಲಿಲ್ಲ. ಲೈನು ಮಾರಿದ ಕಂಪನಿ ಹೇಳಲಿಲ್ಲ. ರಿಬ್ಬನ್ ಕತ್ತರಿಸಲು ಬಂದ ಗಣ್ಯರಿಗೆ ಪೇಢೆ ತಿನ್ನುವ ಗಡಿಬಿಡಿ ಇತ್ತು.

ಸಂತೆಯ ದಿನ ಮುಂಜಾನೆ ಪರಮೇಶಪ್ಪನ ಬಸ್ಸು ಹಂಸಭಾವಿ ದಾಟುವ ಮೊದಲೇ ಅವನು ಒಬ್ಬ ಗಂಡಸಿಗೆ ಹೆಂಗಸರ ಸೊನ್ನೆ ಟಿಕೆಟ್ ಹರಿದುಕೊಟ್ಟ. ಜನ ನಕ್ಕರು.

"ಏನ ಕಂಡಕ್ಟರ್ ಸಾಹೇಬ್ರ, ನಾ ಯಾವಾಗ ಸೀರಿ ಉಟ್ಟನಿ?"

ಅವನು ಏನೋ ಹೇಳಹೋದ. ನಾಲಿಗೆ ತೊದಲಿತು.

"ಮುಂಜಾನೇನ ಏರಿಸ್ಯಾನ ಬಿಡಪಾ," ಎಂದು ಹಿಂದಿನ ಸೀಟಿನಿಂದ ಇನ್ನೊಬ್ಬ. ಮತ್ತೆ ನಗು. ಟಿಕೆಟ್ ಮಷಿನ್ ಕೈಯಿಂದ ಜಾರಿ ಬಿತ್ತು, ಅದನ್ನು ಎತ್ತಲು ಬಾಗಿದವನು ಮೇಲೇಳಲಿಲ್ಲ. ಡ್ರೈವರು ಬಸ್ಸು ನಿಲ್ಲಿಸಿ ಬಾಯಿ ಮೂಸಿ ನೋಡಿದ. ವಾಸನೆಯಿಲ್ಲ. ಚಹಾದಂಗಡಿಯ ಕಟ್ಟೆಯ ಮೇಲೆ ಮಲಗಿಸಿ ನೀರು ಚಿಮುಕಿಸಿದರು. ಬಿಸಿಲು ತಾಗಿದೆ ಅಂದರು. ಪಿತ್ತ ಅಂದರು. ಲಕ್ವಾ ಎಂದು ಒಬ್ಬ ಹೇಳಿದಾಗ ಇನ್ನೊಬ್ಬ ಎಣ್ಣೆ ತಿಕ್ಕುವವನನ್ನು ಕರೆತರಲು ಸೈಕಲ್ ಹತ್ತಿದ. ಹಿರೇಕೆರೂರಿನಿಂದ ಹೆಂಡತಿ ಶಾರವ್ವ ಮತ್ತು ಅವಳ ತಮ್ಮ ಲೋಹಿತ ಗಾಡಿ ತಗೊಂಡು ಬಂದು, ಹೊತ್ತು ಹಾಕಿಕೊಂಡು, ಸ್ಕ್ಯಾನ್ ಸೆಂಟರಿಗೆ ತಂದು, ಸ್ಕ್ಯಾನು ಮುಗಿಯುವ ಹೊತ್ತಿಗೆ ಮೂರು ತಾಸು ದಾಟಿತ್ತು.

ಸ್ಟ್ರೆಚರಿನ ಮೇಲೆ ತಂದಾಗಲೇ ನೀಲಾಂಬಿಕಾ ಅವನನ್ನು ನೋಡಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಲಗೈ ಚೀಲದಂತೆ ಬಿದ್ದಿತ್ತು. ಎಡಗೈ ಮಾತ್ರ ಎದೆಯ ಮೇಲೆ ತಡಕಾಡುತ್ತಿತ್ತು, ರೊಕ್ಕದ ಚೀಲ ಎಲ್ಲಿ ಹೋಯಿತೆಂದು ಹುಡುಕುವವನ ಹಾಗೆ.

ಧೀರೇಂದ್ರ ಡಾಕ್ಟರು ಮನೆಯವರನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು.

"ಮಿದುಳಿನ ನರದಾಗ ರಕ್ತ ಹೆಪ್ಪುಗಟ್ಟಿದ್ರ ಕರಗಸೋ ಇಂಜೆಕ್ಷನ್ ಅದ, ನಮ್ಮ ಫ್ರಿಜ್‌ನಾಗೇ ಅದ. ಆದ್ರ ನರ ಒಡದು ರಕ್ತ ಸೋರಿದ್ದಿದ್ರ ಅದ ಇಂಜೆಕ್ಷನ್ ಜೀವಾ ತಗೋತದ. ಯಾವುದು ಅನ್ನೋದನ್ನ ಹುಬ್ಬಳ್ಳಿ ಡಾಕ್ಟರು ಚಿತ್ರ ನೋಡಿ ಹೇಳಬೇಕು. ನಾ ಎಲುಬಿನ ಡಾಕ್ಟರ್. ನಾಲ್ಕೂವರೆ ತಾಸಿನೊಳಗ ಕೊಡಬೇಕು. ಇನ್ನ ಒಂದೂಕಾಲು ತಾಸು ಉಳದದ."

ಲೋಹಿತ ಕೂರಲಿಲ್ಲ. "ರಾಣೆಬೆನ್ನೂರಿನ್ಯಾಗ ಮಿದುಳಿನ ಡಾಕ್ಟರ ಅದಾರಲ್ರೀ ಸರ. ನಾ ಐವತ್ತ ನಿಮಿಷದಾಗ ಮುಟ್ಟಸ್ತೇನಿ. ಗಾಡಿ ಚಾಲೂನ ಐತಿ."

ಡಾಕ್ಟರು ನೀಲಾಂಬಿಕಾಳ ಮುಖ ನೋಡಿದರು. ಶಾರವ್ವನೂ ನೋಡಿದಳು. ನೀಲಾಂಬಿಕಾ ಸುಳ್ಳು ಹೇಳುವವಳಲ್ಲ ಎಂದು ಗಂಡ ಎಷ್ಟೋ ಸಲ ಮನೆಯಲ್ಲಿ ಹೇಳಿದ್ದ.

"ಹತ್ತ ನಿಮಿಷ ಕುಂತ್ರಿ," ಎಂದಳು ನೀಲಾಂಬಿಕಾ. "ಚಿತ್ರ ಹೊಂಟಾವ."

ಕುಂತರು.

ಆ ಹಳೆಯ ಡಬ್ಬಿಗೆ ಒಂದು ಕೆಟ್ಟ ಚಾಳಿ. ಚಿತ್ರಗಳನ್ನೆಲ್ಲ ಒಂದೇ ಗಂಟು ಕಟ್ಟಿ ಕಳಿಸುತ್ತದೆ. ಗಂಟು ಪೂರ್ತಿ ಮುಟ್ಟುವ ತನಕ ಆ ಕಡೆ ಒಂದು ಚಿತ್ರವೂ ತೆರೆಯುವುದಿಲ್ಲ. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದೂ ತೋರಿಸುವುದಿಲ್ಲ. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿರುತ್ತದೆ, ಅಷ್ಟೇ. ಹತ್ತು ನಿಮಿಷ ಆಯಿತು. ಚಕ್ರ ತಿರುಗುತ್ತಿತ್ತು. ಹದಿನೈದಾಯಿತು.

ಹುಬ್ಬಳ್ಳಿಯಿಂದ ಪದ್ಮಜಾ ಡಾಕ್ಟರೇ ಫೋನು ಮಾಡಿದರು. "ಎಲ್ಲಿ ಅವ ಚಿತ್ರ? ನನಗೇನೂ ಬಂದಿಲ್ಲ."

"ಹೋಗಾಕತ್ತಾವ್ರೀ ಮೇಡಂ. ಈಗ ಬರ್ತಾವ."

ಪರದೆಯ ಫೋಟೊ ಹೊಡೆದು ವಾಟ್ಸಾಪಿಗೆ ಹಾಕಿದರು. ಹೊಳಪು ಬಿದ್ದಿತ್ತು. ಫೋಟೊ ನೋಡಿ ರಕ್ತ ಸೋರಿಲ್ಲ ಎಂದು ಹೇಳಲಾರೆ, ತಪ್ಪಿದರೆ ಮನುಷ್ಯ ಟೇಬಲ್ಲಿನ ಮೇಲೇ ಹೋಗುತ್ತಾನೆ ಎಂದರು ಪದ್ಮಜಾ. ಅವರು ಹೇಳಿದ್ದು ಸರಿ. ಅಂದು ಆ ಕೋಣೆಯಲ್ಲಿ ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದರು.

"ಅಕ್ಕಾರ, ನಿಮ್ಮ ಹತ್ತ ನಿಮಿಷಕ್ಕ ಎಷ್ಟ ನಿಮಿಷ?" ಎಂದು ಲೋಹಿತ ಬಾಗಿಲಿನಿಂದ ಕೇಳಿದ.

ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ಇಪ್ಪತ್ತು ನಿಮಿಷ ಕಾದಾಗಿದೆ, ಈಗ ಹೊರಟು ದಾರಿಯಲ್ಲಿದ್ದಾಗಲೇ ಚಿತ್ರ ತೆರೆದುಬಿಟ್ಟರೆ? ಇನ್ನೊಂದು ಸ್ವಲ್ಪ. ಇಪ್ಪತ್ತೈದಕ್ಕೂ ಅದೇ ಯೋಚನೆ. ಹಾಳು ಮಾಡಿದ್ದು ಆ "ಇನ್ನೊಂದು ಸ್ವಲ್ಪ". ಚಿತ್ರ ಹೋಗಲು ಇನ್ನೂ ಒಂದು ತಾಸು ಬೇಕು ಎಂದು ಗೊತ್ತಿದ್ದರೆ ಹೆತ್ತ ತಾಯಿ ಹೇಳಿದರೂ ಯಾರೂ ಕೂರುತ್ತಿರಲಿಲ್ಲ. ಈಗ ಬಂದೇಬಿಡುತ್ತದೆ ಎಂಬ ನಂಬಿಕೆ ಕಾಲಿಗೆ ಹಗ್ಗ ಕಟ್ಟಿ ಕೂಡಿಸಿತು.

ಅರ್ಧ ತಾಸು ಕಳೆದಾಗ ಲೋಹಿತ ಗಡಿಯಾರ ನೋಡಿದ. ಉಳಿದದ್ದು ನಲವತ್ತೈದು ನಿಮಿಷ. ರಾಣೆಬೆನ್ನೂರಿನ ದಾರಿ ಐವತ್ತು. ಹೊರಗೆ ಹೋಗಿ ಅಲ್ಲಿಯತನಕ ಚಾಲೂ ಇದ್ದ ಗಾಡಿ ಬಂದ್ ಮಾಡಿ ಒಳಗೆ ಬಂದ. ಆ ಸದ್ದು ನಿಂತದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಚಿತ್ರ ಹುಬ್ಬಳ್ಳಿ ಮುಟ್ಟಿದ್ದು ಎಂಬತ್ತು ನಿಮಿಷಕ್ಕೆ. ಪದ್ಮಜಾ ನೋಡಿದರು. ನರ ಒಡೆದಿರಲಿಲ್ಲ. ರಕ್ತ ಹೆಪ್ಪುಗಟ್ಟಿತ್ತು. ಫ್ರಿಜ್ಜಿನಲ್ಲಿದ್ದ ಇಂಜೆಕ್ಷನ್ ಅದಕ್ಕೇ ಇದ್ದದ್ದು.

"ಕೊಡ್ರಲ್ಲಾ ಮತ್ತ," ಎಂದ ಲೋಹಿತ. "ಐದ ನಿಮಿಷ ಆಚೀಚಿ ಆದ್ರ ಏನಾಗತೈತ್ರಿ?"

ಫೋನಿನ ಆ ಕಡೆಯಿಂದ ಪದ್ಮಜಾ ಹೇಳಿದರು. "ಮಿದುಳಿನ ಆ ಭಾಗ ಆಗಲೇ ಸತ್ತದ ತಮ್ಮಾ. ಈಗ ಕೊಟ್ರ ಅಲ್ಲೇ ರಕ್ತ ಸೋರತದ. ನಾ ಹೂಂ ಅನ್ನಲಿಕ್ಕೆ ಆಗೂದಿಲ್ಲ."

ಪರಮೇಶಪ್ಪ ಬದುಕಿದ. ದೊಡ್ಡಾಸ್ಪತ್ರೆಯಲ್ಲಿ ಮಲಗಿ ಎದ್ದು ಮನೆಗೆ ಬಂದ. ಬಲಗಡೆ ಮೈ ಹೋಗಿದೆ. ಮಾತಿನಲ್ಲಿ ಉಳಿದದ್ದು ಒಂದೇ ಶಬ್ದ, "ರೈಟ್". ಬಸ್ಸು ಬಿಡಿಸಲು ದಿನವಿಡೀ ಕೂಗುತ್ತಿದ್ದ ಶಬ್ದ. ಹಸಿವಾದರೂ ರೈಟ್. ಹಾಸಿಗೆ ಒದ್ದೆಯಾದರೂ ರೈಟ್. ಮಂದಿ ನೋಡಲು ಬಂದಾಗ ಅಳುತ್ತ ಅನ್ನುವುದೂ ರೈಟ್.

ಆ ಘಟನೆ ನಡೆದ ಮರುದಿನವೇ ನೀಲಾಂಬಿಕಾ ಇಮ್ರಾನನನ್ನು ಕರೆಸಿದ್ದಳು. ಅವಳ ದನಿಯಲ್ಲಿ ಬೆಂಕಿ ಇತ್ತು. ಅವನು ಮಾಳಿಗೆ ಹತ್ತಿ ಇಳಿದು, ಫೋನು ಹಿಡಿದು ನೋಡಿ, ಗೊಂದಲಕ್ಕೆ ಬಿದ್ದ.

"ಲೈನ ಛಲೋ ಐತಿ ಅಕ್ಕಾ. ಎರಡ ಪೂರ್ತಿ ಹೊಂಟೈತಿ."

"ಎರಡ ಹೊಂಟಿದ್ರ ಹತ್ತ ನಿಮಿಷದಾಗ ಮುಟ್ಟಬೇಕಾಗಿತ್ತಲಾ. ಡಬ್ಬಿಯೊಳಗೂ ಎರಡ ತೋರಸ್ತೈತಿ, ನೋಡಿಲ್ಲೆ."

ಇಮ್ರಾನ ಡಬ್ಬಿ ನೋಡಿದ. ಆಮೇಲೆ ಅವಳ ಮುಖ ನೋಡಿದ. ಅವನಿಗೆ ಆಗ ತಿಳಿಯಿತು.

"ಅಕ್ಕಾ, ಇದು ಬೈಟ್ ಐತಿ. ನಮ್ಮದು ಬಿಟ್. ಎಂಟರಿಂದ ಭಾಗಸಬೇಕು. ನಿಮ್ಮ ಡಬ್ಬಿ ಲೆಕ್ಕಕ್ಕ ನಮ್ಮ ಲೈನ ಸೆಕೆಂಡಿಗೆ ಕಾಲು ಎಂಬಿ ಅಷ್ಟ."

"ಅಂದ್ರ?"

"ಅಲ್ಲಿ ಹತ್ತ ನಿಮಿಷ ಹಿಡದಿದ್ದು ಇಲ್ಲಿ ಎಂಬತ್ತ ಹಿಡೀತೈತಿ."

ಅವಳು ಗೋಡೆಗೆ ಒರಗಿ ಕೂತಳು. "ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತು ಅಕ್ಕಾ. ಎಲ್ಲಾರಿಗೂ ಗೊತ್ತಿರತೈತಿ ಅಂತ ಮಾಡಿದ್ನಿ. ಯಾರೂ ಕೇಳಲಿಲ್ಲ."

ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಬೈಟಿನಲ್ಲಿ ಹೇಳಿದರೆ ಎರಡು ಹೋಗಿ ಕಾಲು ಆಗುತ್ತದೆ, ನೂರು ಹೋಗಿ ಹನ್ನೆರಡೂವರೆ ಆಗುತ್ತದೆ. ಫ್ಲೆಕ್ಸಿನ ಮೇಲೆ ಹನ್ನೆರಡೂವರೆ ಚೆಂದ ಕಾಣುವುದಿಲ್ಲ. ಹಳೆಯ ಕಾಲದಿಂದ ತಂತಿಯವರ ರೂಢಿ ಹೀಗೇ ಇದೆ ಎಂದು ಅವರು ಹೇಳುತ್ತಾರೆ. ಇರಲಿ. ರೂಢಿ ಅವರದು, ಅದರ ಬೆಲೆ ತೆತ್ತವನು ಪರಮೇಶಪ್ಪ. ಅದೇ ಚಿತ್ರಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಲೋಹಿತನ ಗಾಡಿಯಲ್ಲಿ ಕಳಿಸಿದ್ದರೆ ಆ ಲೈನಿಗಿಂತ ಮೊದಲೇ ರಾಣೆಬೆನ್ನೂರಿನಲ್ಲಿ ಇರುತ್ತಿದ್ದವು. ಗುಂಡಿ ಬಿದ್ದ ನಮ್ಮ ರಸ್ತೆಗಿಂತ ನಿಧಾನದ ಲೈನಿಗೆ ಹೈಸ್ಪೀಡ್ ಎಂದು ಹೆಸರಿಟ್ಟಿದ್ದೇವೆ.

ನೀಲಾಂಬಿಕಾ ಡಾಕ್ಟರಿಗೆ ಹೋಗಿ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೆ ಕೆಡುಕೆನಿಸಲಿಲ್ಲ ಎಂದಲ್ಲ.

"ಲೈನು ಕೈಕೊಟ್ಟಿತ್ತು ಅಂತ ಮನಿಯವರಿಗೆ ಹೇಳೇನಿ. ನೀನೂ ಅಷ್ಟ ಹೇಳು."

"ಹಲಗಿ ತಗಿಸೂಣ್ರೀ ಸರ. ಎಂಬತ್ತ ಅಂತ ಬರಸೂಣ."

"ಎಂಬತ್ತು ಅಂತ ಬರದ್ರ ಯಾರ ಬರ್ತಾರ ಇಲ್ಲೆ? ದೊಡ್ಡ ಲೈನಿಗೆ ಅರ್ಜಿ ಹಾಕ್ತೇನಿ. ಅಲ್ಲೀತನಕಾ ಇರಲಿ."

ಅವಳು ಶಾರವ್ವನ ಮನೆಗೆ ಹೋದಳು. ಶಾರವ್ವ ಗಂಡನಿಗೆ ಅಂಬಲಿ ಕುಡಿಸುತ್ತಿದ್ದಳು. ಒಂದು ಚಮಚ ಒಳಗೆ ಹೋದರೆ ಅರ್ಧ ಹೊರಗೆ ಸೋರುತ್ತಿತ್ತು. ನೀಲಾಂಬಿಕಾ ನೆಲದ ಮೇಲೆ ಕೂತು, ಡಬ್ಬಿ, ಲೈನು, ಎಂಟು, ಎಂಬತ್ತು, ಎಲ್ಲವನ್ನೂ ಹೇಳಿದಳು. ಶಾರವ್ವ ಸೆರಗಿನಿಂದ ಗಂಡನ ಗದ್ದ ಒರೆಸಿದಳು.

"ಅಂದ್ರ ಲೈನ ಕೆಟ್ಟಿರಲಿಲ್ಲ."

"ಇಲ್ರೀ ಚಿಗವ್ವ."

"ನಿನ್ನ ಮಾತ ಕೆಟ್ಟಿತ್ತು."

"ಹೂಂ ರೀ."

"ರೈಟ್," ಎಂದ ಪರಮೇಶಪ್ಪ. ಅಂಬಲಿ ಸಾಕು ಎಂದೋ, ಇನ್ನೂ ಬೇಕು ಎಂದೋ, ಇಬ್ಬರಿಗೂ ಗೊತ್ತಾಗಲಿಲ್ಲ.

ನೀಲಾಂಬಿಕಾಳ ಕಣ್ಣಲ್ಲಿ ನೀರು ಬಂತು. ಶಾರವ್ವ ಅದನ್ನು ನೋಡಿದಳು, ಮೆತ್ತಗಾಗಲಿಲ್ಲ.

"ಅಳಬ್ಯಾಡ. ಅತ್ತ ಹೋಗೋರು ಭಾಳ ಮಂದಿ ಬಂದ್ರು. ಆ ಹತ್ತ ನಿಮಿಷದ ಹಲಗಿ ಇನ್ನೂ ಐತೇನು?"

"ಐತ್ರೀ."

"ಹಂಗಾರ ನೀ ಇಲ್ಲಿ ಯಾಕ ಕುಂತಿ?"

ಮರುದಿನದಿಂದ ನೀಲಾಂಬಿಕಾ, ಲಕ್ವಾ ಹೊಡೆದವರನ್ನು ಹೊತ್ತು ತಂದ ಮಂದಿಗೆ ಬಾಗಿಲಲ್ಲೇ ಹೇಳತೊಡಗಿದಳು: ಇಲ್ಲಿ ಎಂಬತ್ತು ನಿಮಿಷ ಹಿಡಿಯುತ್ತದೆ, ಕೂರಬೇಡಿ, ಸೀದಾ ಹೋಗಿ. ತಿಂಗಳು ತುಂಬುವ ಮೊದಲೇ ಡಾಕ್ಟರು ಅವಳನ್ನು ಕೆಲಸದಿಂದ ಬಿಡಿಸಿದರು. ಅವಳ ಜಾಗಕ್ಕೆ ಬೇರೆಯವರು ಬಂದಿದ್ದಾರೆ, ಅವರಿಗೂ ಹತ್ತು ನಿಮಿಷ ಎಂದೇ ಹೇಳಿಕೊಟ್ಟಿದ್ದಾರೆ. ನೀಲಾಂಬಿಕಾ ಈಗ ಚಿಕ್ಕೇರೂರಿನಿಂದ ಬಸ್ಸು ಹಿಡಿದು ಕಂಡ ಕಂಡ ಸ್ಕ್ಯಾನ್ ಸೆಂಟರಿನ ಬಾಗಿಲಿಗೆ ಹೋಗಿ ಕೇಳುತ್ತಾಳೆ: ಒಂದು ಪೂರ್ತಿ ಸ್ಕ್ಯಾನು ಕಳಿಸಿ ಗಡಿಯಾರ ನೋಡಿದ್ದೀರಾ? ನೀ ಯಾರ ಕೇಳಾಕ, ಅನ್ನುತ್ತಾರೆ. ಕೆಲಸ ಕಳಕೊಂಡ ಸಿಟ್ಟು ಇಲ್ಲಿ ತೀರಿಸಬ್ಯಾಡ, ಅನ್ನುತ್ತಾರೆ. ಒಂದು ಕಡೆ ಕಾವಲುಗಾರ ಅವಳ ರಟ್ಟೆ ಹಿಡಿದು ರಸ್ತೆಗೆ ಬಿಟ್ಟುಬಂದ.

ಅವಳನ್ನು ಹೊರಗೆ ಹಾಕಬಹುದು, ಅವಳು ಒಬ್ಬಳೇ. ನಿಮ್ಮನ್ನು ಹಾಕಲಾರರು. ಹಾನಗಲ್ಲಿನಲ್ಲಿರಿ, ಶಿಗ್ಗಾಂವಿಯಲ್ಲಿರಿ, ಸವಣೂರಿನಲ್ಲಿರಿ, ಹಿರೇಕೆರೂರಿನಲ್ಲಿರಿ, ಲಕ್ವಾ ನಿಮ್ಮ ಮನೆಯ ಬಾಗಿಲಿಗೆ ಹೇಳಿ ಕೇಳಿ ಬರುವುದಿಲ್ಲ. ಈ ಪತ್ರಿಕೆ ಮಡಿಚಿಟ್ಟು ಎದ್ದೇಳಿ. ನಾಲ್ಕು ಮಂದಿ ಕೂಡಿಕೊಂಡು ನಿಮ್ಮ ಊರಿನ ಸ್ಕ್ಯಾನ್ ಸೆಂಟರಿಗೆ ಹೋಗಿ. ಎಷ್ಟು ನಿಮಿಷ ಎಂದು ಕೇಳಬೇಡಿ, ಬಾಯಿಮಾತು ಬೇಡ. ನಿಮ್ಮ ಕಣ್ಣೆದುರಿಗೆ ಒಂದು ಇಡೀ ತಲೆಯ ಸ್ಕ್ಯಾನು ಕಳಿಸಲು ಹೇಳಿ, ಆ ಕಡೆಯ ಡಾಕ್ಟರು ತೆರೆದು ನೋಡಿ ಬಂತು ಅನ್ನುವ ತನಕ ಗಡಿಯಾರ ಹಿಡಿದು ನಿಲ್ಲಿ, ಎಷ್ಟಾಯಿತೋ ಅದನ್ನು ಬಾಗಿಲ ಮೇಲೆ ಬರೆಸಿ. ಬರೆಯುವ ತನಕ ಅಲ್ಲಿಂದ ಕದಲಬೇಡಿ.